64 ಕೋರ್, ಒಂದೇ ಬೀಗ

ಫೈಲ್ ಸರ್ವರ್ ನಿಧಾನವಾಯಿತೇ? ಕಚೇರಿಗಳಿಗೆ ಗೊತ್ತಿರುವುದು ಒಂದೇ ಮದ್ದು: ಇನ್ನಷ್ಟು ಕೋರ್ ತರಿಸಿ. 16 ಇದ್ದದ್ದು 64 ಆಗುತ್ತದೆ, ಪೂಜೆಯೂ ಆಗುತ್ತದೆ, ಫೈಲ್ ಮಾತ್ರ ಹಳೆಯ ಗತ್ತಿನಲ್ಲೇ ತೆರೆಯುತ್ತದೆ. "ಸಿಪಿಯು ನೂರಕ್ಕೆ ನೂರು ದುಡೀತಿದೆ ಸಾರ್" ಎಂದು ಅಡ್ಮಿನ್ ಪರದೆ ತೋರಿಸುತ್ತಾನೆ. ದುಡಿಯುತ್ತಿಲ್ಲ ಸ್ವಾಮಿ, ಕಾಯುತ್ತಿದೆ. ಒಂದು ಹೊತ್ತಿಗೆ ಒಬ್ಬರನ್ನೇ ಒಳಬಿಡುವ ಸ್ಪಿನ್‌ಲಾಕ್ ಎಂಬ ಬೀಗದ ಮುಂದೆ ನಿಂತ ಕೋರ್ ಸುಮ್ಮನೆ ಕೂರುವ ಪೈಕಿಯಲ್ಲ, "ಬಿಟ್ಟೆಯಾ? ಬಿಟ್ಟೆಯಾ?" ಎಂದು ಕೇಳುತ್ತಾ ನಿಂತಲ್ಲೇ ಸುತ್ತುತ್ತದೆ. ಕರೆಂಟು ಉರಿಯುತ್ತದೆ, ಫ್ಯಾನು ಬೊಬ್ಬಿಡುತ್ತದೆ, ವರದಿಯಲ್ಲಿ ಗೆರೆ ಮೇಲೇರುತ್ತದೆ. ಕೆಲಸವಿಲ್ಲದೆ ಬೆವರು ಸುರಿಸುವ ಈ ವಿದ್ಯೆಗೆ ಯಂತ್ರ ಬಡ್ತಿ ಕೇಳದಿರುವುದೊಂದೇ ಪುಣ್ಯ.

ಲಿನಕ್ಸ್‌ನಲ್ಲಿ ಈ ಕಾಯುವಿಕೆಗೆ ಭವ್ಯ ಪರಂಪರೆಯೇ ಇದೆ. 1996ರ 2.0 ಆವೃತ್ತಿ ಹಲವು ಪ್ರೊಸೆಸರ್‌ಗಳನ್ನು ಒಟ್ಟಿಗೆ ದುಡಿಸಲು ಕಲಿಯಿತು. ಜತೆಗೇ ವ್ಯವಸ್ಥೆಯ ತಿರುಳಾದ ಇಡೀ ಕರ್ನಲ್‌ಗೆ ಒಂದೇ ಬೀಗವನ್ನೂ ತಂದಿತು, ಬಿಗ್ ಕರ್ನಲ್ ಲಾಕ್. ಪ್ರೊಸೆಸರ್ ಎಷ್ಟಾದರೂ ಇರಲಿ, ಒಳಗೆ ಒಬ್ಬನೇ. ದೊಡ್ಡಮನೆಯ ಅತ್ತೆಯ ಸೊಂಟದ ಬೀಗದಕೈ ಗೊಂಚಲು ಅದು. ಹಿಡಿದವರು ನಿದ್ದೆಹೋದರೆ ತಾನಾಗಿ ಕಳಚಿಕೊಳ್ಳುತ್ತಿತ್ತು, ಎದ್ದೊಡನೆ ಮರಳಿ ಸೊಂಟಕ್ಕೆ. ಅದು ಎಲ್ಲೆಲ್ಲಿ ಯಾವ ಗಂಟನ್ನು ಕಾಯುತ್ತಿದೆ ಎಂಬುದೇ ಬರಬರುತ್ತಾ ಅಸ್ಪಷ್ಟವಾಯಿತು. ಹಾಗಾಗಿ ಕೈಹಾಕಲು ಎಲ್ಲರಿಗೂ ಅಳುಕು. ಫೈಲ್ ಲಾಕಿಂಗ್ ಕೋಡು, ಜಾಲದ ಮೂಲಕ ಫೈಲ್ ಹಂಚುವ ಎನ್‌ಎಫ್‌ಎಸ್‌ನ ಬೀಗ ನೋಡಿಕೊಳ್ಳುವ ಲಾಕ್‌ಡಿ ಅದರ ಆಶ್ರಯದಲ್ಲೇ ಹಾಯಾಗಿದ್ದವು. ಕೊನೆಗೆ 2011ರಲ್ಲಿ, 2.6.39ರ ಹೊತ್ತಿಗೆ ಅದು ತೊಲಗಿತು. 15 ವರ್ಷ! ಸರಕಾರಿ ಸುತ್ತೋಲೆಯೊಂದು ರದ್ದಾಗುವ ವೇಗಕ್ಕೆ ಹೋಲಿಸಿದರೆ ಇದು ಮಿಂಚು.

ದೊಡ್ಡ ಬೀಗ ಹೋದರೂ ಚಿಕ್ಕವು ಉಳಿದವು. ಅದನ್ನರಿಯದ ಇನ್ನೊಬ್ಬ ಪಂಡಿತರಿದ್ದಾರೆ: "ಕೋರಿಕೆ ಪೂರೈಸುವ ಎನ್‌ಎಫ್‌ಎಸ್‌ಡಿ ಥ್ರೆಡ್ ಬರೀ ಎಂಟಿದೆ, 512 ಮಾಡಿ." ಮಾಡಿದರು. ಎಂಟು ಮಂದಿ ಕಾಯುತ್ತಿದ್ದ ಬಾಗಿಲಲ್ಲಿ ಈಗ 512 ಮಂದಿ. ಕೆಲಸದ ಹತ್ತರಲ್ಲೊಂದು ಪಾಲು ಒಂದೇ ಬೀಗದೊಳಗೆ ನಡೆಯುವುದಾದರೆ 64 ಕೋರ್ ಸುರಿದರೂ ವೇಗ ಒಂಬತ್ತು ಪಟ್ಟು ಮುಟ್ಟದು. ಕಂಪ್ಯೂಟರ್ ವಿನ್ಯಾಸಕ ಜೀನ್ ಅಮ್‌ಡಾಲ್ ಈ ಲೆಕ್ಕದ ಹೊಳಹು ಕೊಟ್ಟದ್ದು 1967ರಲ್ಲಿ. ಖರೀದಿ ಸಮಿತಿಗೆ ಆ ಕಡತ ಇನ್ನೂ ತಲುಪಿಲ್ಲ.

ಪರಿಹಾರ ಗೊತ್ತಿದ್ದವರು ಸದ್ದಿಲ್ಲದೆ ಬೀಗ ಒಡೆದರು. 2006ರಲ್ಲಿ ಎನ್‌ಎಫ್‌ಎಸ್ ಸರ್ವರ್‌ನ ಒಂದೇ ಸರತಿಯನ್ನು ಹಲವು ಗುಂಪುಗಳಾಗಿ ಹಂಚಿದರು. 2016ರಲ್ಲಿ 4.7 ಕರ್ನಲ್, ಒಂದೇ ಡೈರೆಕ್ಟರಿಯಲ್ಲಿ ಹಲವರು ಏಕಕಾಲಕ್ಕೆ ಹೆಸರು ಹುಡುಕಬಹುದು ಎಂದಿತು. ಹೊಸ ಫೈಲ್ ಹುಟ್ಟಿಸುವಾಗ ಮಾತ್ರ ಆಗಲೂ ಡೈರೆಕ್ಟರಿಗೆ ಒಬ್ಬರೇ ಯಜಮಾನರು. ನಮ್ಮವರು ತಮ್ಮ ಪಾಲಿನ ಸಹಕಾರವಾಗಿ ಇಲಾಖೆಯ ಸ್ಕ್ಯಾನುಗಳನ್ನೆಲ್ಲ 'ನ್ಯೂ ಫೋಲ್ಡರ್ 2'ರಲ್ಲೇ ತುಂಬುತ್ತಾರೆ. ನಾಲ್ಕು ಉಪಫೋಲ್ಡರ್ ಮಾಡಿದರೆ ನಾಲ್ಕು ಬೀಗ, ನಾಲ್ಕು ಸಾಲು. ಆದರೆ ಅದಕ್ಕೆ ಅನುಮೋದನೆ ಬೇಕಲ್ಲ.

ಯಾವ ಬೀಗದ ಮುಂದೆ ಎಷ್ಟು ಹೊತ್ತು ಕಾದರು ಎಂದು ಪರ್ಫ್ ಎಂಬ ಸಾಧನ ಪಟ್ಟಿ ಮಾಡಿ ಕೊಡುತ್ತದೆ. ದುಡ್ಡಿಲ್ಲ, ಟೆಂಡರಿಲ್ಲ, ಉದ್ಘಾಟನೆಯೂ ಇಲ್ಲ. ಅಂಥದ್ದನ್ನು ಯಾವ ಅಧಿಕಾರಿ ನಂಬುತ್ತಾನೆ?