ಅಮ್ಮ ಚಿನ್ನ ಜಾಲಿಸಿದ್ದು

ಬೇಸಿಗೆಗೆಂದು ಅಟ್ಲಾಂಟಾಗೆ ಬಂದ ಅಪ್ಪ-ಅಮ್ಮನಿಗೆ ಅಕ್ವೇರಿಯಂ, ದೇವಸ್ಥಾನ, ಕಾಸ್ಟ್‌ಕೋ ಮೂರೂ ಮೊದಲ ವಾರದಲ್ಲೇ ಮುಗಿದವು. ಎರಡನೇ ಶನಿವಾರ, ಉತ್ತರದ ಬೆಟ್ಟಗಳ ಬುಡದಲ್ಲಿರುವ ಡಲಾನೆಗಕ್ಕೆ ಹೊರಟೆವು. “ಚಿನ್ನದ ಊರು” ಅಂದೆ. ಅಮ್ಮ ಬಳೆ ನೇವರಿಸಿಕೊಂಡಳು. ಅಪ್ಪ ನಕ್ಕರು. ಕೆಜಿಎಫ್‌ನ ಗಣಿ ಕಚೇರಿಯಲ್ಲಿ 28 ವರ್ಷ ಲೆಕ್ಕ ಬರೆದವರಿಗೆ ಚಿನ್ನದ ಊರು ತೋರಿಸುತ್ತೇನೆ ಅನ್ನುವುದು, ಉಡುಪಿಯವರನ್ನು ಮಸಾಲೆದೋಸೆ ತಿನ್ನಿಸಲು ಕರೆದೊಯ್ದ ಹಾಗೆ.

ದಾರಿಯಲ್ಲಿ “ಬೇಯಿಸಿದ ಕಡಲೆಕಾಯಿ” ಎಂಬ ಕೈಬರಹದ ಬೋರ್ಡು ಕಂಡಿತು. “ಇಲ್ಲೂ ಪರಿಷೆನಾ?” ಅಂದಳು ಅಮ್ಮ. ವಾಪಸ್ ಬರುವಾಗ ನಿಲ್ಲಿಸುತ್ತೇನೆಂದು ಮಾತು ಕೊಟ್ಟೆ.

ಊರಿನ ಚೌಕದ ನಡುವೆ 1836ರ ಇಟ್ಟಿಗೆಯ ಕೋರ್ಟು ಕಟ್ಟಡ. ಈಗ ಅದು ಚಿನ್ನದ ಮ್ಯೂಸಿಯಂ. ಇಲ್ಲಿನ ಮಣ್ಣಿನಲ್ಲೇ ಸುಟ್ಟ ಇಟ್ಟಿಗೆ, ಅದರಲ್ಲೂ ಚಿನ್ನದ ಕಣಗಳಿವೆಯಂತೆ ಅಂದದ್ದೇ ತಪ್ಪಾಯಿತು. ಅಮ್ಮನ ಉಗುರು ಆಗಲೇ ಗೋಡೆಯ ಮೇಲಿತ್ತು.

1830ರ ಹೊತ್ತಿಗೆ ಚಿನ್ನದ ಆಸೆಗೆ ಜನ ಇಲ್ಲಿಗೆ ಮುಗಿಬಿದ್ದಿದ್ದರು. ಸರ್ಕಾರ ಇಲ್ಲೇ ಟಂಕಸಾಲೆ ಕಟ್ಟಿ 1838ರಿಂದ 1861ರವರೆಗೆ ನಾಣ್ಯ ಹೊಡೆಯಿತು. ಡಲಾನೆಗ ಅನ್ನುವುದು ಇಲ್ಲಿನ ಮೂಲನಿವಾಸಿ ಚೆರೋಕಿಗಳ ಮಾತು, ಹಳದಿ ಎಂದರ್ಥ. ಟಂಕಸಾಲೆ ಶುರುವಾದ ವರ್ಷವೇ ಚೆರೋಕಿ ಜನರನ್ನು ಈ ನೆಲದಿಂದ ಪಶ್ಚಿಮಕ್ಕೆ ಅಟ್ಟಿದರು. ಸಾವಿರಾರು ಮಂದಿ ಸತ್ತರು.

“ಹೆಸರು ಇಟ್ಕೊಂಡು, ಹೆಸರಿಟ್ಟೋರನ್ನ ಓಡಿಸಿದ್ರಾ?” ಅಂದ ಅಮ್ಮ, ಗೋಡೆಯಿಂದ ಕೈ ತೆಗೆದಳು.

1849ರಲ್ಲಿ ಎಲ್ಲರೂ ಕ್ಯಾಲಿಫೋರ್ನಿಯಾಕ್ಕೆ ಗಂಟುಮೂಟೆ ಕಟ್ಟಿದಾಗ ಟಂಕಸಾಲೆಯ ಸ್ಟೀಫನ್‌ಸನ್ ಎಂಬಾತ ಈ ಚೌಕದಲ್ಲೇ ನಿಂತು, “ಆ ಬೆಟ್ಟದಲ್ಲಿ ಇನ್ನೂ ಚಿನ್ನವಿದೆ, ಹೋಗಬೇಡಿ” ಎಂದು ಗೋಗರೆದನಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“2001ರಲ್ಲಿ ನಮ್ಮ ಗಣಿ ಮುಚ್ಚುವಾಗ ನಾವೂ ಅದನ್ನೇ ಹೇಳಿದ್ವಿ” ಅಂದರು ಅಪ್ಪ. “ಅವನಿಗೆ ನಿಲ್ಲೋಕೆ ಒಂದು ಚೌಕನಾದ್ರೂ ಇತ್ತು.”

ಮುಂದೆ, ಟಿಕೆಟ್ಟು ತೆಗೆದು ಹಳೆಯ ಗಣಿಯೊಳಗೆ ಹೋದೆವು. “ಹುಷಾರು, ಇನ್ನೂರಡಿ ಇಳೀತೀವಿ” ಅಂದ ಗೈಡು. ಅಪ್ಪ ಗಂಟಲು ಸರಿಮಾಡಿಕೊಂಡು, ತಮ್ಮ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ ಎಂದರು. ಗೈಡು ಎದೆ ಮೇಲೆ ಕೈಯಿಟ್ಟು “ಬ್ಲೆಸ್ ಯುವರ್ ಹಾರ್ಟ್” ಅಂದ. ಈ ದಕ್ಷಿಣ ಸೀಮೆಯಲ್ಲಿ ಅದು ನಮ್ಮ “ಅಯ್ಯೋ ಪಾಪ” ಇದ್ದ ಹಾಗೆ, ಕನಿಕರವೂ ಹೌದು, ಕುಟುಕೂ ಹೌದು. ಅಪ್ಪ ಆಶೀರ್ವಾದವೆಂದೇ ತಿಳಿದು ಕೈಮುಗಿದರು.

ಕೊನೆಗೆ ಚಿನ್ನ ಹುಡುಕುವ ಸರದಿ. ಉದ್ದನೆಯ ತೊಟ್ಟಿಯಲ್ಲಿ ನೀರು, ಕೈಗೊಂದು ಅಗಲ ತಟ್ಟೆ, ಅದರಲ್ಲಿ ಮರಳು. “ನಿಧಾನಕ್ಕೆ ಅಲ್ಲಾಡಿಸಿ” ಎಂದು ಹುಡುಗಿಯೊಬ್ಬಳು ಹೇಳಿಕೊಡಲು ಬಂದಳು. “ನಲವತ್ತು ವರ್ಷ ಅಕ್ಕಿ ಜಾಲಿಸಿದೀನಿ, ಇವಳೇನು ಹೇಳ್ಕೊಡ್ತಾಳೆ?” ಎಂದು ಅಮ್ಮ ಸೆರಗು ಸಿಕ್ಕಿಸಿದಳು. ನಿಜಕ್ಕೂ ಕೈ ಅಂದರೆ ಕೈ! ತಟ್ಟೆ ತಿರುಗಿದ ಚೆಂದಕ್ಕೆ ಅಕ್ಕಪಕ್ಕದವರು ತಮ್ಮ ತಟ್ಟೆ ಮರೆತರು. ಮರಳನ್ನೆಲ್ಲ ಒಂದು ಕಾಳೂ ಚೆಲ್ಲದ ಹಾಗೆ ಪಕ್ಕದ ಬಕೆಟ್ಟಿಗೆ ಬಗ್ಗಿಸಿದಳು. ತಳದಲ್ಲಿ ಉಳಿದದ್ದನ್ನು, ಕಲ್ಲೆಂದು, ಫಳಕ್ಕನೆ ತೊಟ್ಟಿಗೆ ಚೆಲ್ಲಿದಳು.

“ಅಮ್ಮಾ, ಅದೇ ಚಿನ್ನ!”

“ಅಭ್ಯಾಸಬಲ ಕಣೇ” ಅಂದ ಅಮ್ಮ ಇನ್ನೊಂದು ತಟ್ಟೆಗೆ ದುಡ್ಡು ಕೊಡಿಸಿದಳು. ಈ ಸಲ ತಳದಲ್ಲಿ, ಸಾಸಿವೆಯ ಸಿಪ್ಪೆಯಷ್ಟು, ಹಳದಿ ಮಿಂಚಿತು.

ಅಪ್ಪ ತೋರುಬೆರಳ ತುದಿಗೆ ಅದನ್ನು ಅಂಟಿಸಿಕೊಂಡು ಬಿಸಿಲಿಗೆ ಹಿಡಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ, “28 ವರ್ಷ ಬರೀ ಲೆಕ್ಕ ಬರೆದೆ. ಮಣ್ಣಿಂದ ಎದ್ದ ಚಿನ್ನ ಬೆರಳಿಗೆ ತಾಗಿದ್ದು ಇವತ್ತೇ” ಅಂದರು.

“ಕೈ ತೊಳ್ಕೋಬೇಡಿ ರೀ” ಅಂದಳು ಅಮ್ಮ.

ವಾಪಸ್ ಬರುವಾಗ ಕಡಲೆಕಾಯಿ ಗಾಡಿಯ ಹತ್ತಿರ ಕಾರು ನಿಲ್ಲಿಸಿದೆ. ಬಿಸಿ ಬಿಸಿ, ಉಪ್ಪುನೀರು ತೊಟ್ಟಿಕ್ಕುವ ಕಾಯಿ. ಅಮ್ಮ ಬಿಡಿಸಿ ಬಿಡಿಸಿ ಬಾಯಿಗೆ ಹಾಕುತ್ತಿದ್ದಳು. ಅಪ್ಪ ತೋರುಬೆರಳೆತ್ತಿ ಹಿಡಿದು, ಬಾಯಿ ತೆರೆದು ತಿನ್ನುತ್ತಿದ್ದರು.