ನ್ಯೂಟನ್ ಪೆಟ್ಟಿಗೆಯ ದೊಡ್ಡಪ್ಪ

ಮದುವೆಯ ಕರೆಯೋಲೆ ಹಂಚಲು ಪಟ್ಟಿ ಮಾಡುವಾಗ, ಎಲ್ಲ ಹೆಸರೂ ಮುಗಿದ ಮೇಲೆ ಒಂದು ಹೆಸರು ಉಳಿದುಕೊಳ್ಳುತ್ತದೆ. ಅದು ಯಾರ ಬಾಯಿಂದಲೋ ಜಾರುತ್ತಲೇ ಪೆನ್ನು ಹಿಡಿದವರು ತಲೆ ಎತ್ತುತ್ತಾರೆ. 'ಅವರನ್ನೂ ಕರೀಬೇಕಾ?' 'ಕರೀದೆ ಇರಕ್ಕಾಗುತ್ತಾ, ರಕ್ತಸಂಬಂಧ.' 'ಬರಲ್ಲ ಬಿಡು.' 'ಬಂದರೆ?' ಈ 'ಬಂದರೆ' ಎಂಬ ಪ್ರಶ್ನೆಗೆ ಉತ್ತರ ಸಿಗದೆ ಕೊನೆಗೆ ಹೆಸರು ಬರೆದುಕೊಳ್ಳುತ್ತಾರೆ. ಕುಂಕುಮ ಹಚ್ಚಿದ ಕರೆಯೋಲೆಯನ್ನು ಕೈಗೆ ಕೊಡುವ ಬದಲು ಅಂಚೆಗೆ ಹಾಕುತ್ತಾರೆ.

ದೊಡ್ಡವರು ದೂರವಿಡುವ ಈ ನೆಂಟರ ಮನೆಗೇ ಮಕ್ಕಳಿಗೆ ಹೋಗಬೇಕು. ಸರಿಯಾಗಿರುವ ನೆಂಟರ ಮನೆಯಲ್ಲಿ ಏನಿರುತ್ತದೆ? ಷೋಕೇಸು, ಅದರೊಳಗೆ ಯಾರೂ ಮುಟ್ಟದ ಗೊಂಬೆ, ಗೋಡೆಯ ಮೇಲೆ ಕ್ಯಾಲೆಂಡರು, ಊಟಕ್ಕೆ ಕೂತಾಗ 'ಎಷ್ಟನೇ ಕ್ಲಾಸು?' ಎಂಬ ವಿಚಾರಣೆ. ವಿಚಿತ್ರ ನೆಂಟರ ಮನೆಯಲ್ಲಿ ಯಾವ ಬಾಗಿಲು ತೆರೆದರೂ ಏನಾದರೊಂದು ಹೊರಬರುವ ಸಾಧ್ಯತೆ ಇರುತ್ತದೆ.

ನಮ್ಮ ನೆಂಟರೆಲ್ಲ ಬೆಂಗಳೂರಿನಿಂದ ಸೇಲಂಗೆ ಹೋಗುವ ರೈಲಿನ ದಾರಿಯುದ್ದಕ್ಕೂ ಚೆಲ್ಲಿಕೊಂಡಿದ್ದರು. ಹೊಸೂರಿನಲ್ಲಿ ಒಂದು ಮನೆ, ಪಾಲಕೋಡಿನಲ್ಲಿ ಒಂದು, ಧರ್ಮಪುರಿಯಲ್ಲಿ ಎರಡು, ತೊಪ್ಪೂರು ಘಾಟಿ ಇಳಿದ ಮೇಲೆ ಸೇಲಂನಲ್ಲಿ ಇಡೀ ಬೀದಿ. ಹಿರಿಯರ ಬಾಯಲ್ಲಿ ಇದೆಲ್ಲವೂ ಸೇಲಂ ಜಿಲ್ಲೆಯೇ. 1965ರಲ್ಲಿ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಕೃಷ್ಣಗಿರಿ ಅದರಿಂದಲೂ ಬೇರೆಯಾಗಿ ಹೊಸೂರನ್ನು ತನ್ನ ಪಾಲಿಗೆ ಎಳೆದುಕೊಂಡಿತು. ನೆಂಟರು ಇದ್ದಲ್ಲೇ ಇದ್ದರು, ಜಿಲ್ಲೆಗಳು ಮಾತ್ರ ಅಣ್ಣತಮ್ಮಂದಿರ ಹಾಗೆ ಪಾಲಾಗಿ ಹೋದವು. ಮನೆಯೊಳಗೆ ಕನ್ನಡ, ಬೀದಿಗೆ ಇಳಿದರೆ ತಮಿಳು, ಪಕ್ಕದ ಮನೆಯವರೊಡನೆ ಜಗಳಕ್ಕೆ ನಿಂತರೆ ತೆಲುಗು. ಅಜ್ಜಿ ಬರೆಯುತ್ತಿದ್ದ ಕಾಗದಗಳಲ್ಲಿ ಮಾತೆಲ್ಲ ಕನ್ನಡ, ಅಕ್ಷರವೆಲ್ಲ ತಮಿಳು. ಅದನ್ನು ಓದಲು ಬೆಂಗಳೂರಿನ ನಮ್ಮ ಅಪ್ಪ ಎದುರು ಮನೆಯ ತಮಿಳು ಮೇಷ್ಟರನ್ನು ಕರೆಯುತ್ತಿದ್ದರು. ಮೇಷ್ಟರು ಒಂದಕ್ಷರವೂ ಅರ್ಥವಾಗದೆ ಗಟ್ಟಿಯಾಗಿ ಓದುವರು, ಅಪ್ಪ ಕೇಳಿಸಿಕೊಂಡು ಕಣ್ಣು ಒರೆಸಿಕೊಳ್ಳುವರು.

ಸೇಲಂನ ಅಮ್ಮಾಪೇಟೆಯಲ್ಲಿ ನಮ್ಮ ಅತ್ತೆಯ ಮನೆ. ದೇವಾಂಗದವರ ಮನೆಗಳಲ್ಲಿ ಹೇಗೋ ಹಾಗೆ ಅಲ್ಲೂ ಮನೆಯೆಂದರೆ ಮಗ್ಗ, ಮಗ್ಗದ ಸುತ್ತ ಉಳಿದ ಜಾಗದಲ್ಲಿ ಸಂಸಾರ. ನೆಲದಲ್ಲಿ ಗುಣಿ ತೋಡಿ, ಅದರಲ್ಲಿ ಕಾಲಿಳಿಬಿಟ್ಟು ಮಾವ ಕೂತರೆ ಲಾಳಿ ಅತ್ತಿಂದಿತ್ತ ಹಾರುವ ಸದ್ದಿಗೆ ಮನೆಯ ಗಡಿಯಾರವೂ ನಾಚಬೇಕು. ಹಗ್ಗ ಎಳೆದರೆ ಲಾಳಿ ತಾನಾಗಿ ಓಡುವ ಈ ಏರ್ಪಾಡನ್ನು ಇಂಗ್ಲೆಂಡಿನ ಜಾನ್ ಕೇ ಎಂಬಾತ 1733ರಲ್ಲಿ ಮಾಡಿದ. ಲಾಳಿಯ ಎರಡು ತುದಿಗೂ ಲೋಹದ ಮೊನೆ. ದಾರಿ ತಪ್ಪಿ ಮಗ್ಗದಿಂದ ಆಚೆ ಹಾರಿತೆಂದರೆ ಎದುರಿಗಿದ್ದವರ ಕಣ್ಣೋ ಹಲ್ಲೋ ಹೋಗುವುದು ಖಂಡಿತ.

ಅತ್ತೆ ನಮ್ಮನ್ನು ಮೊದಲ ದಿನವೇ ಮಗ್ಗದ ಪಕ್ಕ ನಿಲ್ಲಿಸಿ ಲಾಳಿಯನ್ನು ಕೈಗೆ ಕೊಟ್ಟರು. 'ಮೊನೆ ಮುಟ್ಟಿ ನೋಡ್ರೋ. ಇದು ಹಾರಿ ಬಂದು ನಿಮ್ಮ ಮಾವನ ತಮ್ಮನಿಗೆ ತಗಲಿದ್ದು ಇಲ್ಲಿ' ಎಂದು ತಮ್ಮ ಹುಬ್ಬಿನ ಮೇಲೆ ಬೆರಳಿಟ್ಟು ತೋರಿಸಿದರು. ಆಮೇಲೆ ರಾಟೆಯ ಮುಂದೆ ಕೂರಿಸಿ ಕಂಡಿಕೆ ಸುತ್ತಲು ಹಚ್ಚಿದರು. ರಜೆ ಮುಗಿಯುವ ತನಕ ಆ ಮಗ್ಗದ ಹಗ್ಗವನ್ನು ನಮ್ಮಲ್ಲಿ ಯಾರೂ ಎಳೆಯಲಿಲ್ಲ. ಎಳೆಯಬೇಕು ಅನ್ನಿಸಲೇ ಇಲ್ಲ.

ಪೆನ್ನಾಗರದ ಕಡೆ ಇದ್ದ ದೊಡ್ಡಪ್ಪನ ಕತೆ ಬೇರೆ.

ಅವರು ಮಗ್ಗ ಬಿಟ್ಟು, ಹೊಲ ಮಾಡಿ, ಹಿತ್ತಿಲಿನಲ್ಲಿ ಮರದ ಪೆಟ್ಟಿಗೆಗಳನ್ನು ಇಟ್ಟುಕೊಂಡು ಕೂತವರು. ಕುಟುಂಬದಲ್ಲಿ ಅವರ ಹೆಸರು ಯಾರೂ ಹೇಳುತ್ತಿರಲಿಲ್ಲ, ಪೆಟ್ಟಿಗೆ ದೊಡ್ಡಪ್ಪ ಅಂದರೆ ಸಾಕು. ಅವರ ವೈಖರಿ ಒಂದೆರಡಲ್ಲ. ದೀಪಾವಳಿಯ ದಿನವೂ ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ. ಪೇಪರನ್ನು ಒಂದು ದಿನ ತಡವಾಗಿ ಓದುವರು, ಯಾಕೆ ಅಂದರೆ 'ಸುದ್ದಿ ಆರಲಿ' ಅನ್ನುವರು. ಮಲ್ಲಿಗೆ ಮುಡಿದ ಹೆಂಗಸರು ಹಿತ್ತಿಲಿಗೆ ಕಾಲಿಟ್ಟರೆ ಗದರುವರು. ಇದರಿಂದಾಗಿ ದೊಡ್ಡಮ್ಮ ಮದುವೆಯಾದ ಮೇಲೆ ಹೂ ಮುಡಿದದ್ದು ತವರಿನಲ್ಲಿ ಮಾತ್ರ ಎಂಬ ಮಾತು ಧರ್ಮಪುರಿಯವರೆಗೂ ಹಬ್ಬಿತ್ತು. ಹಿತ್ತಿಲಿಗೆ ಹೋಗುವ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು: ಬಾಳೆಹಣ್ಣು ತಿಂದವರು, ಪೌಡರ್ ಹಾಕಿದವರು, ಕಪ್ಪು ಬಟ್ಟೆಯವರು ಬರಕೂಡದು.

ಯಾಕೆ ಬರಕೂಡದು ಎಂದು ಬರೆದಿರಲಿಲ್ಲ. ಕೇಳಿದರೆ ಹೇಳುತ್ತಲೂ ಇರಲಿಲ್ಲ. ಶಾಪ, ಮಡಿ, ಮಾಟ ಎಂದು ನೆಂಟರು ತಮತಮಗೆ ಬೇಕಾದ ಅರ್ಥ ಹಚ್ಚಿಕೊಂಡಿದ್ದರು.

ರಾತ್ರಿ ಅಂಗಳದಲ್ಲಿ ಮಲಗಿಕೊಂಡಾಗ ದೊಡ್ಡಪ್ಪ ಬೇರೆಯೇ ಮನುಷ್ಯ. ಜೇನಿನಲ್ಲಿ ನೆನೆಹಾಕಿದ ನೆಲ್ಲಿಕಾಯಿಯನ್ನು ತಲೆಗೊಂದರಂತೆ ಹಂಚಿ, ತಗಡೂರಿನ ಅದಿಯಮಾನನ ಕತೆ ಹೇಳುವರು. ಇವತ್ತಿನ ಧರ್ಮಪುರಿಯೇ ಆಗಿನ ತಗಡೂರು. ಆಯುಸ್ಸು ಹೆಚ್ಚಿಸುವ ಅಪರೂಪದ ನೆಲ್ಲಿಕಾಯಿ ಅರಸನಿಗೆ ಸಿಕ್ಕಿದಾಗ ಅವನು ತಾನು ತಿನ್ನದೆ ಕವಯಿತ್ರಿ ಔವೈಯಾರ್‌ಗೆ ಕೊಟ್ಟ. 'ಅರಸನಿಗೇ ಸಿಗದ ಆಯುಸ್ಸು ನಿಮಗೆ ಸಿಕ್ತಾ ಇದೆ, ಬೀಜ ಉಗಿದು ತಿನ್ನಿ' ಅನ್ನುವರು. ಬೆಟ್ಟದ ಕಡೆ ಹೋಗಬೇಡಿ ಎನ್ನಲು ಉಳಿದ ದೊಡ್ಡವರು ವೀರಪ್ಪನ್ ಹೆಸರು ಹೇಳುತ್ತಿದ್ದರು. ಆ ಕಾಲಕ್ಕೆ ಹೊಗೇನಕಲ್ ಸುತ್ತಿನ ಮಕ್ಕಳಿಗೆ ಗುಮ್ಮನ ಕೆಲಸವನ್ನು ಅವನೊಬ್ಬನೇ ನಿಭಾಯಿಸುತ್ತಿದ್ದ. 2004ರ ಅಕ್ಟೋಬರ್ 18ರಂದು ಅದೇ ಸೀಮೆಯ ಪಾಪಾರಪಟ್ಟಿಯ ಬಳಿ ಅವನು ಪೊಲೀಸರ ಗುಂಡಿಗೆ ಸತ್ತ ಮೇಲೆ ಆ ಊರಿನ ತಾಯಂದಿರು ಊಟ ಮಾಡಿಸಲು ಯಾರ ಹೆಸರು ಹೇಳಿದರೋ ಗೊತ್ತಿಲ್ಲ.

ಮತ್ತೆ ಪೆಟ್ಟಿಗೆಗೆ ಬರೋಣ. ಒಂದು ದಿನ ದೊಡ್ಡಪ್ಪ ಯಾರೊಡನೆಯೋ ಮಾತಾಡುತ್ತ 'ನ್ಯೂಟನ್ ಪೆಟ್ಟಿಗೆ' ಎಂದದ್ದು ನಮ್ಮ ದೊಡ್ಡ ಕಸಿನ್ ಕಿವಿಗೆ ಬಿತ್ತು. ಅವನು ಆರನೇ ಕ್ಲಾಸಿನ ವಿಜ್ಞಾನ ಮುಗಿಸಿದ್ದ. ನ್ಯೂಟನ್ ಅಂದರೆ ಸೇಬು, ಸೇಬು ಅಂದರೆ ಗುರುತ್ವಾಕರ್ಷಣೆ, ಆದ್ದರಿಂದ ದೊಡ್ಡಪ್ಪ ಹಿತ್ತಿಲಿನಲ್ಲಿ ಗುರುತ್ವಾಕರ್ಷಣೆಯನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿದ್ದಾರೆ ಎಂದು ತೀರ್ಮಾನ ಕೊಟ್ಟ. ಸುತ್ತ ಹಾರಾಡುತ್ತಿದ್ದ ಜೇನುಹುಳುಗಳು ಕಾವಲಿಗೆ ಎಂದ. ಅವನ ಮಾತನ್ನು ಒಪ್ಪದಿರಲು ನಮಗೆ ಕಾರಣ ಇರಲಿಲ್ಲ.

ನಿಜವಾದ ನ್ಯೂಟನ್ ಬೇರೆಯವರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ತಿರುಚಿರಾಪಳ್ಳಿ ಸೀಮೆಯಲ್ಲಿದ್ದ ಪಾದ್ರಿ ಅವರು. ನಮ್ಮ ನಾಡಿನ ತುಡುವೆ ಜೇನಿನ ಮೈಕಟ್ಟು ಚಿಕ್ಕದು, ಕುಟುಂಬವೂ ಚಿಕ್ಕದು. ಪರದೇಶದ ದೊಡ್ಡ ಪೆಟ್ಟಿಗೆ ಅದಕ್ಕೆ ಹೊಂದದು ಎಂದು ಕಂಡು, ಚಿಕ್ಕ ಚೌಕಟ್ಟುಗಳ ಪೆಟ್ಟಿಗೆ ಮಾಡಿ ಜನರಿಗೆ ಜೇನು ಸಾಕಲು ಕಲಿಸಿದರು. ದಕ್ಷಿಣದ ಹಿತ್ತಿಲುಗಳಲ್ಲಿ ಇಂದಿಗೂ ಆ ಪೆಟ್ಟಿಗೆಗೆ ಅವರದೇ ಹೆಸರು.

ಮಧ್ಯಾಹ್ನ ಊಟವಾಗಿ ದೊಡ್ಡವರು ಒರಗಿದ ಹೊತ್ತು. ಊಟದ ಕೊನೆಗೆ ಎಲ್ಲರಿಗೂ ಒಂದೊಂದು ಬಾಳೆಹಣ್ಣು ಬಡಿಸಿದ್ದರು. ಒಬ್ಬಳು ಮುಖಕ್ಕೆ ಪೌಡರ್ ಮೆತ್ತಿಕೊಂಡಿದ್ದಳು, ಕಸಿನ್ ಕಪ್ಪು ಷರಟು ತೊಟ್ಟಿದ್ದ. ಸೀಮೆಸುಣ್ಣದ ಮೂರೂ ನಿಯಮಗಳನ್ನು ಒಂದೇ ಮೆರವಣಿಗೆಯಲ್ಲಿ ಮುರಿದುಕೊಂಡು ನಾವು ಹಿತ್ತಿಲು ಸೇರಿದೆವು. ಪೆಟ್ಟಿಗೆಯ ಕಾಲುಗಳು ನೀರು ತುಂಬಿದ ಬಟ್ಟಲುಗಳಲ್ಲಿ ನಿಂತಿದ್ದವು. ಇರುವೆ ಹತ್ತದಿರಲಿ ಎಂದು ಜೇನು ಸಾಕುವವರು ಹಾಗಿಡುತ್ತಾರೆ. ಕಸಿನ್‌ಗೆ ಅದೂ ವಿಜ್ಞಾನವಾಗಿ ಕಂಡಿತು. ಬಟ್ಟಲು ಸರಿಸಿ ಕಾಲು ಹಿಡಿದುಕೊಳ್ಳಲು ನಮಗೆ ಹೇಳಿ ತಾನು ಮುಚ್ಚಳ ಎತ್ತಿದ. ಯಾರ ಕೈ ಜಾರಿತೋ, ಪೆಟ್ಟಿಗೆ ವಾಲಿ ನೆಲಕ್ಕೆ ಬಿತ್ತು. ಗುರುತ್ವಾಕರ್ಷಣೆ ಒಳಗೆ ಇರಲಿಲ್ಲ, ಹೊರಗೇ ಇತ್ತು ಎಂಬುದು ಖಚಿತವಾಯಿತು.

ಮುಂದಿನದನ್ನು ಹೇಳಲು ನಮ್ಮಲ್ಲಿ ಇಬ್ಬರ ಮಾತು ಒಂದಾಗುವುದಿಲ್ಲ. ಓಡಿದವರು ಕಂಡದ್ದೇ ಬೇರೆ, ಬಿದ್ದವರು ಕಂಡದ್ದೇ ಬೇರೆ. ಎಲ್ಲರೂ ಒಪ್ಪುವುದು ದೊಡ್ಡಪ್ಪನ ಕೂಗನ್ನು: 'ಕೈ ಬೀಸಬ್ಯಾಡ್ರೋ! ಮುಖ ಮುಚ್ಚಿಕೊಂಡು ಒಳಕ್ಕೆ ಓಡ್ರೋ!' ಓಡಿ ಬಂದ ನಮ್ಮನ್ನು ಕತ್ತಲ ಕೋಣೆಗೆ ತಳ್ಳಿ, ಬೆರಣಿಯ ಹೊಗೆ ಹಿಡಿದು ಅವರು ಹೊರಗೆ ನಡೆದರು. ದೊಡ್ಡಮ್ಮ ಉಗುರಿನಿಂದ ಕೆರೆದು ಮುಳ್ಳುಗಳನ್ನು ತೆಗೆಯುತ್ತ ಕೂತರು. ಯಾರ ಮುಖ ಯಾರದ್ದು ಎಂದು ಗುರುತು ಹಿಡಿಯುವುದು ಸ್ವಲ್ಪ ಹೊತ್ತು ಕಷ್ಟವಾಯಿತು. ಕಸಿನ್ ಎರಡು ದಿನ ಒಂದೇ ಕಣ್ಣಿನಲ್ಲಿ ಪ್ರಪಂಚ ನೋಡಿದ.

ನಗುವಂಥ ಮಾತು ಇಲ್ಲಿಗೆ ಮುಗಿಯಿತು. ಕೆಲವರ ಮೈಗೆ ಜೇನಿನ ನಂಜು ಒಗ್ಗುವುದಿಲ್ಲ, ಅಂಥವರಿಗೆ ಒಂದೇ ಹುಳು ಕಚ್ಚಿದರೂ ಉಸಿರು ಕಟ್ಟಬಹುದು. ಗಂಟಲು ಬಿಗಿದರೆ, ಮೈಯೆಲ್ಲ ದದ್ದು ಎದ್ದರೆ ಸುಣ್ಣ ಹಚ್ಚುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ಅಂಥವರು ಯಾರೂ ನಮ್ಮ ಗುಂಪಿನಲ್ಲಿ ಇರಲಿಲ್ಲ ಎನ್ನುವುದು ಅದೃಷ್ಟವೇ ಹೊರತು ಜಾಣತನವಲ್ಲ.

ಸೀಮೆಸುಣ್ಣದ ನಿಯಮಗಳ ಗುಟ್ಟು ನಮಗೆ ತಿಳಿದದ್ದು ಬೆಳೆದ ಮೇಲೆ. ಜೇನುಹುಳು ಮುಳ್ಳು ಚುಚ್ಚುವಾಗ ಒಂದು ವಾಸನೆಯನ್ನು ಬಿಡುತ್ತದೆ. ಗೂಡಿನ ಉಳಿದ ಹುಳುಗಳಿಗೆ ಅದೇ ಯುದ್ಧದ ಕಹಳೆ. ಅದರಲ್ಲಿರುವ ಮುಖ್ಯ ವಸ್ತು ಐಸೋಅಮೈಲ್ ಅಸಿಟೇಟ್. ಪಕ್ವವಾದ ಬಾಳೆಹಣ್ಣಿಗೆ ಆ ಪರಿಮಳ ಕೊಡುವುದೂ ಅದೇ. ಅಂದರೆ ನಾವು ಅಷ್ಟೂ ಮಂದಿ ಬಾಯಲ್ಲಿ ಕಹಳೆ ಊದಿಕೊಂಡೇ ಗೂಡಿನ ಮುಂದೆ ಹೋಗಿ ನಿಂತಿದ್ದೆವು. ಕಡುಬಣ್ಣ ಕಂಡರೆ, ಗಾಢ ಪರಿಮಳ ಮೂಗಿಗೆ ಬಡಿದರೆ ಜೇನಿಗೆ ಸಿಟ್ಟು. ಹೊಗೆ ಹಾಕಿದರೆ ಆ ಕಹಳೆಯ ವಾಸನೆ ಅಡಗುತ್ತದೆ, ಜೊತೆಗೆ ಹುಳುಗಳು ಕಾಡಿಗೆ ಬೆಂಕಿ ಬಿತ್ತೆಂದು ಹೊಟ್ಟೆ ತುಂಬ ಜೇನು ಕುಡಿದು ಮೆತ್ತಗಾಗುತ್ತವೆ. ದೊಡ್ಡಪ್ಪನ ಎಣ್ಣೆ ಕಾಣದ ತಲೆ, ದೊಡ್ಡಮ್ಮನ ಹೂವಿಲ್ಲದ ಜಡೆ, ಎಲ್ಲಕ್ಕೂ ಕಾರಣವಿತ್ತು. ಇಡೀ ಕುಟುಂಬ ಹುಚ್ಚು ಎಂದದ್ದು ಕಸುಬಿನ ಎಚ್ಚರವಾಗಿತ್ತು.

ಇಂಥ ಕತೆ ಲೋಕಕ್ಕೆ ಹೊಸದಲ್ಲ. ಕುಂತಿಯನ್ನೇ ನೋಡಿ. ಶೂರಸೇನ ಮಗಳನ್ನು ಮಕ್ಕಳಿಲ್ಲದ ತನ್ನ ನೆಂಟ ಕುಂತಿಭೋಜನಿಗೆ ಕೊಟ್ಟ. ಹಾಗಾಗಿ ಹುಡುಗಿ ಬೆಳೆದದ್ದು ನೆಂಟರ ಮನೆಯಲ್ಲಿ. ಅಲ್ಲಿಗೆ ಬಂದವರು ದೂರ್ವಾಸರು, ವಿಚಿತ್ರ ಅತಿಥಿಗಳಿಗೆಲ್ಲ ಗುರು. ಸೇವೆಗೆ ಮೆಚ್ಚಿ ಒಂದು ಮಂತ್ರ ಕೊಟ್ಟು ಹೊರಟುಹೋದರು. ಕೈಗೆ ಮಂತ್ರ ಸಿಕ್ಕಿದ ಹುಡುಗಿ ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡದೆ ಬಿಡುತ್ತಾಳೆಯೆ? ಸೂರ್ಯ ಬಂದು ನಿಂತ. ಅಲ್ಲಿಂದ ಕುರುಕ್ಷೇತ್ರದವರೆಗಿನದು ನಿಮಗೆ ಗೊತ್ತು. ಯಾದವರ ಹುಡುಗರು ಸಾಂಬನಿಗೆ ಬಸುರಿಯ ವೇಷ ಹಾಕಿ ಋಷಿಗಳನ್ನು ಕೆಣಕಿದ್ದೂ ಬರಿಯ ತಮಾಷೆಗೆ. ಹುಟ್ಟಿದ್ದು ಕಬ್ಬಿಣದ ಒನಕೆ, ಮುಗಿದದ್ದು ಯದುವಂಶ. ಇಂಗ್ಲಿಷಿನ ಸಿ.ಎಸ್. ಲೂಯಿಸ್ 1955ರಲ್ಲಿ ಪ್ರಕಟಿಸಿದ 'ದಿ ಮೆಜಿಶಿಯನ್ಸ್ ನೆಫ್ಯೂ' ಕಾದಂಬರಿಯಲ್ಲೂ ಒಬ್ಬ ತಿಕ್ಕಲು ಮಾವನಿದ್ದಾನೆ. ಅವನ ಉಂಗುರಗಳಿಂದ ಬೇರೆ ಲೋಕ ಸೇರಿದ ಮಕ್ಕಳು ಅಲ್ಲಿಯ ಗಂಟೆ ಬಾರಿಸಿ ಮಲಗಿದ್ದ ಮಾಟಗಾತಿಯನ್ನು ಎಬ್ಬಿಸುತ್ತಾರೆ. ಮಕ್ಕಳು ಎಲ್ಲ ಕಡೆಯೂ ಮಕ್ಕಳೇ. ಅವರ ಕೈಗೆ ಎಟಕುವಲ್ಲಿ ಗುಟ್ಟನ್ನು ಇಟ್ಟು ಅರ್ಥ ಹೇಳದೆ ಹೋದ ದೊಡ್ಡವರ ಬಗ್ಗೆ ಮಾತ್ರ ಪುರಾಣಗಳೂ ಕಾದಂಬರಿಗಳೂ ಬಹಳ ಮೆತ್ತಗೆ ಮಾತಾಡುತ್ತವೆ.

ದೊಡ್ಡಪ್ಪ ಮಾತ್ರ ಇದನ್ನು ಬೇಗ ಅರಿತರು. ಬೈಯಲಿಲ್ಲ. ಮಾರನೆಯ ಸಂಜೆ ಊದಿದ ಮುಖಗಳನ್ನೆಲ್ಲ ಸಾಲಾಗಿ ಹಿತ್ತಿಲಿನಲ್ಲಿ ಕೂರಿಸಿ, ಹೊಗೆ ಹಾಕಿ, ಇನ್ನೊಂದು ಪೆಟ್ಟಿಗೆಯ ಮುಚ್ಚಳವನ್ನು ತಾವೇ ಎತ್ತಿದರು. ರಾಣಿ ಯಾವುದು, ದುಡಿಯುವವು ಯಾವುವು, ಹೊಂಗೆ ಹೂ ಬಿಟ್ಟಾಗ ಎಲ್ಲಿಗೆ ಹೋಗುತ್ತವೆ ಎಂದು ಚೌಕಟ್ಟು ಎತ್ತಿ ತೋರಿಸಿದರು. ಬೀಳಿಸಿದ ಪೆಟ್ಟಿಗೆಯ ಬಟ್ಟಲುಗಳಿಗೆ ದಿನವೂ ನೀರು ತುಂಬುವ ಕೆಲಸ ಕಸಿನ್ ಪಾಲಿಗೆ ಬಂತು. ಒಂದು ಕಣ್ಣು ಮುಚ್ಚಿಕೊಂಡೇ ಅವನು ಅದನ್ನು ಶ್ರದ್ಧೆಯಿಂದ ಮಾಡಿದ. ಆಮೇಲೆ ಆ ಪೆಟ್ಟಿಗೆಗಳಿಗೆ ಮಕ್ಕಳಿಂದ ಯಾವ ಅಪಾಯವೂ ಆಗಲಿಲ್ಲ. ಆದದ್ದು ರೋಗದಿಂದ. 1991-92ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಬಡಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ತುಡುವೆ ಜೇನಿನ ಮರಿಗಳನ್ನು ಗೂಡಿನಲ್ಲೇ ಕೊಂದು ಸಾವಿರಾರು ಹಿತ್ತಿಲುಗಳ ಪೆಟ್ಟಿಗೆಗಳನ್ನು ಬರಿದು ಮಾಡಿತು. ದೊಡ್ಡಪ್ಪನವೂ ಬರಿದಾದವು. ಆ ವರ್ಷದ ದೀಪಾವಳಿಗೆ ಅವರು ತಲೆಗೆ ಎಣ್ಣೆ ಹಚ್ಚಿಕೊಂಡರು, ದೊಡ್ಡಮ್ಮ ಮಲ್ಲಿಗೆ ಮುಡಿದರು. ಮನೆಯಲ್ಲಿ ಯಾರಿಗೂ ಅದು ಸಂತೋಷವಾಗಿ ಕಾಣಲಿಲ್ಲ.

ಈಗಿನ ಮನೆಗಳಲ್ಲಿ ಮಗ್ಗವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಇದ್ದರೂ ಬೀಗ ಹಾಕಿ, ಕ್ಯಾಮೆರಾ ಕೂರಿಸಿ, 'ಮುಟ್ಟಬೇಡ' ಎಂದು ಮುಗಿಸುತ್ತೇವೆ. ಬೇಸಿಗೆಗೆ ನೆಂಟರ ಮಕ್ಕಳು ಬರುವವರಿದ್ದರೆ ಒಂದು ಕೆಲಸ ಮಾಡಿ. ಮನೆಯಲ್ಲಿ ಅಪಾಯದ ವಸ್ತು ಏನಿದೆಯೋ ಅದನ್ನು ಮೊದಲ ದಿನವೇ ಎದುರಿಗೆ ಕೂರಿಸಿಕೊಂಡು ತೋರಿಸಿ, ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕಚ್ಚುತ್ತದೆ ಎಂದು ಹೇಳಿ, ಆಮೇಲೆ ಬೀಗ ಹಾಕಿ. ಬರಿಯ ಬೀಗವನ್ನು ತೆಗೆಯದೆ ಬಿಟ್ಟ ಮಗು ಇದುವರೆಗೆ ಹುಟ್ಟಿಲ್ಲ, ಹುಟ್ಟುವುದೂ ಬೇಡ.