ಆರು ವೋಲ್ಟ್ ಮೀಮಾಂಸೆ: ಬಾದಾಮಿ–ಇಳಕಲ್ ಸೀಮೆಯ ಹಳೆ ಗಾಡಿಗಳ ಚಾರ್ಜಿಂಗ್ ಪರಂಪರೆ

ಬಾದಾಮಿ ಚಾಲುಕ್ಯರ ಗುಹೆ, ಗುಡಿ, ಶಾಸನ, ಕೋಟೆ ಯಾವುದನ್ನೂ ವಿದ್ವಾಂಸರು ಬಿಟ್ಟಿಲ್ಲ. ಕಂಬಕ್ಕೊಂದು ಲೇಖನ, ಕೆತ್ತನೆಗೊಂದು ಪ್ರಬಂಧ ಬಂದಾಗಿದೆ. ಅದೇ ಬಾಗಲಕೋಟೆ ಜಿಲ್ಲೆಯ ರಸ್ತೆಗಳಲ್ಲಿ ಅರ್ಧ ಶತಮಾನದಿಂದ ನೀಲಿ ಹೊಗೆ ಬಿಡುತ್ತ ಓಡಾಡುತ್ತಿರುವ ಜಾವಾ, ಯೆಜ್ದಿ ಮೋಟರ್‌ಸೈಕಲ್ಲುಗಳ ಹೆಡ್‌ಲೈಟ್ ಗೂಡಿನೊಳಗೆ ಏನಿದೆ ಎಂದು ಮಾತ್ರ ಒಬ್ಬ ಸಂಶೋಧಕನೂ ಇಣುಕಿದಂತಿಲ್ಲ. ವಿದ್ವತ್ ಲೋಕದ ಈ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಮೊದಲ ಉದ್ದೇಶ. ಬ್ಯಾಟರಿ ತುಂಬುವುದು ಎರಡನೆಯದು.

ಮೂಲಪಠ್ಯ ರಚನೆಯಾದದ್ದು ಮೈಸೂರಿನ ಯಾದವಗಿರಿಯಲ್ಲಿ. ರುಸ್ತುಂ ಇರಾನಿಯವರು 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿ, ಚೆಕೊಸ್ಲೊವಾಕಿಯಾದ ಗಾಡಿಗಳನ್ನು ಪರವಾನಗಿಯ ಮೇಲೆ ತಯಾರಿಸತೊಡಗಿದರು. 1973ರಿಂದ ಅವು ಯೆಜ್ದಿ ಎಂಬ ಹೆಸರು ಹೊತ್ತವು. 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಗ್ರಂಥಕರ್ತರು ಹೋದ ಮೇಲೆ ಭಾಷ್ಯಕಾರರು ಹುಟ್ಟುವುದು ಎಲ್ಲ ಶಾಸ್ತ್ರಗಳ ಪಾಡು. ಇಲ್ಲಿ ಭಾಷ್ಯ ಬರೆದವರು ಗ್ಯಾರೇಜಿನವರು, ಸ್ಕ್ರೂಡ್ರೈವರಿನಿಂದ.

ಹಳೆಯ ಜಾವಾದ ಬಲಮಗ್ಗುಲಿನ ಮುಚ್ಚಳ ಬಿಚ್ಚಿದರೆ ಕ್ರ್ಯಾಂಕಿನ ತುದಿಗೆ ಕೂತ ಡೈನಮೋ ಕಾಣುತ್ತದೆ. ನಡುವೆ ತಿರುಗುವ ಆರ್ಮೇಚರ್, ಸುತ್ತ ಫೀಲ್ಡ್ ಕಾಯಿಲ್, ಸವೆದು ಸವೆದು ಮೊಳೆಯುದ್ದ ಉಳಿದ ಕಾರ್ಬನ್ ಬ್ರಷ್. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ ಇಲ್ಲಿ ಗ್ರೀಸ್ ಮೆತ್ತಿಕೊಂಡು ಕೆಲಸ ಮಾಡುತ್ತಿದೆ. ಅದು ಕೊಡುವುದು 6 ವೋಲ್ಟಿನಲ್ಲಿ 45 ವ್ಯಾಟ್. ಈ ಸೀಮೆಯ ನೆರೆಯ ಆಲಮಟ್ಟಿ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವ್ಯಾಟ್. ಅದಕ್ಕೆ ಸಮನಾಗಬೇಕಾದರೆ ಸುಮಾರು 64 ಲಕ್ಷ ಜಾವಾಗಳು ಒಟ್ಟಿಗೆ ಓಡಬೇಕು. ಈ ಯೋಜನೆಯನ್ನು ಪ್ರಬಂಧ ಶಿಫಾರಸು ಮಾಡುವುದಿಲ್ಲ, ಏಕೆಂದರೆ ಅವುಗಳಲ್ಲಿ ಅರ್ಧದಷ್ಟನ್ನು ತಳ್ಳಿ ಚಾಲೂ ಮಾಡಬೇಕಾದೀತು.

ಇನ್ನು ಆಯವ್ಯಯ. ಹೆಡ್‌ಲೈಟಿಗೆ 35 ವ್ಯಾಟಿನ ಬಲ್ಬ್ ಹಾಕಿದರೆ ಅದೊಂದೇ 35 ತಿನ್ನುತ್ತದೆ. ಹಿಂದಿನ ಲೈಟಿಗೆ 5. ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲಿಗೆ ಹೆಚ್ಚೂಕಡಿಮೆ 15. ಒಟ್ಟು ಖರ್ಚು 55, ವರಮಾನ 45, ಅದೂ ಎಂಜಿನ್ ಜೋರಾಗಿ ತಿರುಗಿದಾಗ ಮಾತ್ರ. ಸಂತೆಯ ಜನಜಂಗುಳಿಯಲ್ಲಿ ಎರಡನೇ ಗೇರಿನಲ್ಲಿ ಹೋಗುವಾಗ ವರಮಾನ ಇನ್ನೂ ಇಳಿಯುತ್ತದೆ. ಉಳಿದದ್ದನ್ನು ಬ್ಯಾಟರಿ ಸಾಲ ಕೊಡುತ್ತದೆ. ಈ ಗಾಡಿಗಳಲ್ಲಿ ಕಿಡಿಯೂ ಬ್ಯಾಟರಿಯ ಋಣದಲ್ಲೇ ಇರುವುದರಿಂದ, ಸಾಲ ಮುಗಿದ ಜಾಗದಲ್ಲಿ ಗಾಡಿಯೂ ನಿಲ್ಲುತ್ತದೆ. ಬನಶಂಕರಿ ಜಾತ್ರೆಯಲ್ಲಿ ನಾಟಕ ಮುಗಿಸಿ ನಡುರಾತ್ರಿ ಊರಿಗೆ ಹೊರಟವನಿಗೆ ಈ ಲೆಕ್ಕ ಯಾವ ಪಾಠಶಾಲೆಗಿಂತಲೂ ಚೆನ್ನಾಗಿ ತಿಳಿಯುತ್ತದೆ.

ಪೂರ್ವಪಕ್ಷ ಹೀಗಿದೆ: “ಬ್ಯಾಟರಿ ಹೋಗೇತ್ರಿ, ಹೊಸಾದು ಹಾಕ್ಸ್ರಿ.” ಬಾದಾಮಿ, ಹುನಗುಂದ, ಇಳಕಲ್, ಬಾಗಲಕೋಟೆ ಈ ನಾಲ್ಕೂ ಊರುಗಳ ಗ್ಯಾರೇಜು ಪಂಥಗಳೆಲ್ಲ ಒಪ್ಪುವ ಏಕೈಕ ಸೂತ್ರ ಇದು. ಹೊಸ ಬ್ಯಾಟರಿ ಹಾಕಿದ ಮೇಲೆ ಕೆಲವು ದಿನ ಎಲ್ಲವೂ ಬೆಳಗುವುದರಿಂದ ಸೂತ್ರ ಸಿದ್ಧವಾದಂತೆಯೇ ತೋರುತ್ತದೆ. ಬಳಿಕ ಅದೂ ಇಳಿಯುತ್ತದೆ. ಆಗ ಬ್ಯಾಟರಿ ಮಾರಿದವನು ನೀರಿನ ಮೇಲೆ ದೋಷ ಹೊರಿಸುತ್ತಾನೆ. ಈ ಒಂದು ಮಾತಿನಲ್ಲಿ ಅವನದು ತಪ್ಪಿಲ್ಲದಿರಬಹುದು: ಬಾಟಲಿಯಲ್ಲಿ ಕುಡಿಯಲು ಮಾರುವ ಮಿನರಲ್ ವಾಟರನ್ನೇ ಶುದ್ಧವೆಂದು ನಂಬಿ ಬ್ಯಾಟರಿಗೆ ಸುರಿಯುವ ಶ್ರದ್ಧಾವಂತರು ಇದ್ದಾರೆ. ಬ್ಯಾಟರಿಗೆ ಬೇಕಾದದ್ದು ಲವಣವೇ ಇಲ್ಲದ ಡಿಸ್ಟಿಲ್ಡ್ ವಾಟರ್.

ಬಾದಾಮಿ ಪಂಥದತ್ತ ಬರೋಣ. ಇದರ ಮುಖ್ಯ ಕೊಡುಗೆ ಕಾಲನಿರ್ಣಯದ ವಿಧಾನ. ಬಾದಾಮಿಯ ನಾಲ್ಕು ಗುಹೆಗಳಲ್ಲಿ ಕಾಲ ನಮೂದಾಗಿರುವುದು ಮೂರನೆಯದರಲ್ಲಿ ಮಾತ್ರ. ಮಂಗಳೇಶನ ಆ ಶಾಸನ ಶಕ 500, ಅಂದರೆ ಕ್ರಿ.ಶ. 578ರದು. ಉಳಿದವುಗಳ ವಯಸ್ಸನ್ನು ವಿದ್ವಾಂಸರು ಶೈಲಿ ನೋಡಿ ಹೇಳುತ್ತಾರೆ. ವೈರಿಂಗಿನದೂ ಇದೇ ಕತೆ. ಯಾವ ಮೇಸ್ತ್ರಿಯೂ ಜಾಯಿಂಟಿನ ಮೇಲೆ ಶಕವರ್ಷ ಬರೆದಿಲ್ಲ. ಆದ್ದರಿಂದ ಟೇಪಿನ ಪದರಗಳನ್ನೇ ಅಗೆಯಬೇಕು. ಹೆಡ್‌ಲೈಟ್ ಗೂಡೊಂದರಲ್ಲಿ ನಡೆದ ಇಂಥ ಒಂದು ಉತ್ಖನನದ ವರದಿ ಇದು. ಮೇಲಿನ ಪದರದಲ್ಲಿ ಹೊಳೆಯುವ ಪ್ಲಾಸ್ಟಿಕ್ ಟೇಪು, ಅದರೊಳಗೆ ನಂಬರ್ ಪ್ಲೇಟಿನ ಸುತ್ತ ಹಾಕಿದ ನೀಲಿ ಎಲ್‌ಇಡಿ ಪಟ್ಟಿಯ ವೈರು. ಅದರಡಿ ಜೋಡಿ ಹಾರ್ನಿನ ಕಾಲ. ಇನ್ನೂ ಕೆಳಗೆ ಬಟ್ಟೆಯ ಕರಿ ಟೇಪು, ಫ್ಯೂಸಿನ ಜಾಗದಲ್ಲಿ ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಮಡಿಚಿಟ್ಟ ಕಾಲ. ಎಲ್ಲಕ್ಕಿಂತ ತಳದಲ್ಲಿ, ಮುಟ್ಟಿದರೆ ಉದುರುವ ಸಿಪ್ಪೆಯ ಮೈಸೂರು ವೈರು, ಒಳಗೆ ಹಸಿರುಗಟ್ಟಿದ ತಾಮ್ರ. ಮೊದಲ ಗುಹೆಯ ನಟರಾಜನಿಗೆ ಹದಿನೆಂಟು ಕೈಗಳು. ಆ ಹೆಡ್‌ಲೈಟಿನಿಂದ ಹೊರಬಂದ ವೈರುಗಳು ಅದಕ್ಕೂ ಹೆಚ್ಚು, ಆದರೆ ಯಾವ ಕೈ ಯಾವ ಮುದ್ರೆಗೆ ಎಂಬುದು ಮಾತ್ರ ತಿಳಿಯಲಿಲ್ಲ.

ವೈರಿಂಗಿನ ಈ ಪಠ್ಯದಲ್ಲಿ ಅಲ್ಲಲ್ಲಿ ತುಂಡಾದ ಭಾಗಗಳಿಗೆ ಬಾದಾಮಿಯ ವಿದ್ವಾಂಸರು ಒಂದು ಕಾರಣ ಕೊಡುತ್ತಾರೆ. ಗುಹೆಗಳ ಕೆಳಗೆ ನಿಲ್ಲಿಸಿದ ಗಾಡಿಯ ಸೀಟು, ಕನ್ನಡಿ, ಜೋತುಬಿದ್ದ ವೈರು ಎಲ್ಲಕ್ಕೂ ಮಂಗಗಳ ಕೈ ತಾಗುತ್ತದೆ. ಯಾವುದು ಮೇಸ್ತ್ರಿಯ ಲೋಪ, ಯಾವುದು ಮಂಗನ ಪ್ರಕ್ಷೇಪ ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಹುನಗುಂದ ಪಂಥದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ರಾಷ್ಟ್ರೀಯ ಹೆದ್ದಾರಿ 50ರ ಲಾರಿಗಳ ನಡುವೆ ಬೆಳೆದ ಈ ಪಂಥಕ್ಕೆ ಹಾರ್ನೇ ಪರಮಪುರುಷಾರ್ಥ. ಇದರ ಸಾಹಿತ್ಯಿಕ ಆಕರ ಮಾತ್ರ ಹಿರಿದು. ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿ ಕ್ರಿ.ಶ. 634ರಲ್ಲಿ ಕೆತ್ತಿಸಿದ ಪ್ರಶಸ್ತಿ, ಇಮ್ಮಡಿ ಪುಲಕೇಶಿ ಸೋಲಿಸಿದ ಅರಸರನ್ನು ಹರ್ಷನನ್ನೂ ಸೇರಿಸಿ ಪಟ್ಟಿ ಮಾಡುತ್ತದೆ. ಗ್ಯಾರೇಜಿನ ಪ್ರಶಸ್ತಿಯೂ ಹಾಗೇ, ಹಿಂದಿನ ಮೇಸ್ತ್ರಿಗಳೆಲ್ಲರ ಸೋಲಿನಿಂದ ಆರಂಭವಾಗುತ್ತದೆ: “ಯಾಂವ ಮುಟ್ಟ್ಯಾನ್ರೀ ಇದನ್ನ? ಪೂರಾ ಹಾಳು ಮಾಡ್ಯಾನ.” ಹಲವು ಬಾರಿ ಹಿಂದೆ ಮುಟ್ಟಿದವನೂ ಅವನೇ ಆಗಿರುತ್ತಾನೆ.

ಇಳಕಲ್ ಪಂಥ ಗಂಭೀರವಾದುದು. ಕಾರಣ ಊರಿನ ಕಸುಬು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಒಂದು ಎಳೆ ತಪ್ಪಿದರೂ ಸೆರಗು ಒಡಲಿಗೆ ಕೂಡುವುದಿಲ್ಲ. ಇಂಥ ಊರಿನಲ್ಲಿ ಎರಡು ವೈರುಗಳನ್ನು ಬರಿ ತಿರುಚಿ ಟೇಪು ಸುತ್ತುವುದು ಅಪಚಾರವೇ ಸರಿ. ಸಡಿಲ ಜಾಯಿಂಟಿನಲ್ಲಿ ರೋಧ ಹೆಚ್ಚುತ್ತದೆ, ಕಾಯುತ್ತದೆ, ಕಪ್ಪಾಗುತ್ತದೆ. 6 ವೋಲ್ಟಿನ ಗಾಡಿಯಲ್ಲಿ ಅರ್ಧ ವೋಲ್ಟ್ ಅಲ್ಲೇ ಉರಿದುಹೋದರೆ ಹೆಡ್‌ಲೈಟಿಗೆ ಉಳಿಯುವುದು ಹಳದಿ ಬೆಳಕು. ಕೊಂಡಿಗೆ ಬದಲು ಸೋಲ್ಡರ್ ಅಥವಾ ಬಿಗಿ ಕ್ರಿಂಪ್, ಇಷ್ಟೇ ಇಳಕಲ್ಲಿನ ಸಿದ್ಧಾಂತ. ಕೆಂಪು ಗ್ರಾನೈಟಿನ ಗಣಿಧೂಳು ಕನೆಕ್ಟರುಗಳಿಗೆ ನುಗ್ಗುವ ಊರಿನಲ್ಲಿ ಇದರ ಮಹತ್ವ ಇನ್ನೂ ಹೆಚ್ಚು.

ಈ ಪಂಥದ ಎರಡನೇ ಗ್ರಂಥ ಕಾಯಿಲ್ ಸುತ್ತುವ ಕಲೆ. ಪಂಪ್‌ಸೆಟ್ಟಿನ ಸುಟ್ಟ ಮೋಟರ್ ರಿಪೇರಿ ಮಾಡುವ ವೈಂಡಿಂಗ್ ಅಂಗಡಿಯಲ್ಲೇ ಇದೂ ಆಗುತ್ತದೆ. ಅಯಸ್ಕಾಂತ ತಿರುಗಿ ಕಾಯಿಲ್ ನಿಂತಿರುವ ಹಳೆ ಬುಲೆಟ್‌ನಂಥ ಗಾಡಿಗಳಲ್ಲಿ, ಹಳೆ ತಂತಿ ಬಿಚ್ಚಿ ಅದಕ್ಕಿಂತ ಸಣ್ಣ ಗೇಜಿನ ಎನಾಮಲ್ ತಂತಿಯನ್ನು ಎರಡರಷ್ಟು ಸುತ್ತು ಹಾಕಿದರೆ ಒತ್ತಡ 6ರ ಬದಲು 12ರತ್ತ ಏರುತ್ತದೆ. ವ್ಯಾಟ್ ಮಾತ್ರ ಪವಾಡದಿಂದ ಹೆಚ್ಚುವುದಿಲ್ಲ. ಲಾಭ ಬೇರೆ ಕಡೆ ಇದೆ: 35 ವ್ಯಾಟಿಗೆ 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಬೇಕು, 12ರಲ್ಲಿ 3 ಸಾಕು. ಕರೆಂಟ್ ಅರ್ಧವಾದರೆ ವೈರಿನಲ್ಲಿ ಪೋಲಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಇದರ ಜೊತೆ ಬಲ್ಬು, ಹಾರ್ನು, ಫ್ಲಾಷರ್, ಇಗ್ನಿಷನ್ ಕಾಯಿಲ್, ಬ್ಯಾಟರಿ ಎಲ್ಲವೂ 12 ವೋಲ್ಟಿನವೇ ಆಗಬೇಕು. ಹಾರ್ನೊಂದನ್ನು ಹಳೆಯದೇ ಉಳಿಸಿಕೊಂಡವನ ಗಾಡಿ ಮೊದಲ ಸಲ ಒತ್ತಿದಾಗ ಅಗಸೆ ತನಕ ಕೇಳುವಂತೆ ಕೂಗಿ, ಆಮೇಲೆ ಮೌನವ್ರತ ಹಿಡಿಯಿತು.

ಒಂದೇ ಡಯೋಡಿನಿಂದ ಅರ್ಧ ಅಲೆಯನ್ನಷ್ಟೇ ಬ್ಯಾಟರಿಗೆ ಕಳಿಸುವ ಗಾಡಿಗಳೂ ಉಂಟು. ಕಾಯಿಲಿನ ಅರ್ತ್ ತುದಿಯನ್ನು ಬಾಡಿಯಿಂದ ಬಿಡಿಸಿ, ಎರಡೂ ತುದಿಗಳನ್ನು ನಾಲ್ಕು ಡಯೋಡಿನ ಬ್ರಿಡ್ಜಿಗೆ ಕೊಟ್ಟರೆ ಉಳಿದರ್ಧವೂ ಕೈಗೆ ಬರುತ್ತದೆ. ಬಿಡಿಸುವುದನ್ನು ಮರೆತು ಬ್ರಿಡ್ಜ್ ಹಾಕಿದರೆ ಒಂದು ಡಯೋಡ್ ಕಾಯಿಲಿಗೆ ಅಡ್ಡಲಾಗಿ ನಿಂತು, ಅರ್ಧ ಅಲೆಯನ್ನು ಶಾರ್ಟ್ ಮಾಡಿ ಸುಟ್ಟುಹೋಗುತ್ತದೆ. ಶಾಸ್ತ್ರಕಾರರಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯವಿಲ್ಲ, ವಾಸನೆಯೇ ಪ್ರಮಾಣ.

ಜಾವಾದ ಡೈನಮೋಗೆ ಈ ಉಪಾಯಗಳು ಹಾಗೆಹಾಗೇ ಒಗ್ಗುವುದಿಲ್ಲ, ಅದು ಹುಟ್ಟಾ ಡಿಸಿ. ಡೈನಮೋದ ಒತ್ತಡ ವೇಗದೊಂದಿಗೆ ಏರುವುದರಿಂದ, ಹಳೆ ಕಟೌಟ್ ತೆಗೆದು 12 ವೋಲ್ಟಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕೂರಿಸುವ ದಾರಿ ಉಂಟು. ಬ್ರಿಟಿಷ್ ಹಳೆ ಗಾಡಿಗಳ ಲೂಕಾಸ್ ಡೈನಮೋಗಳಲ್ಲಿ ಇದು ಹಳೆಯ ರೂಢಿ. ಬೆಲೆ ಏನೆಂದರೆ ಚಾರ್ಜ್ ಶುರುವಾಗುವ ವೇಗವೂ ಮೇಲೇರುತ್ತದೆ. ಇನ್ನೊಂದು ದಾರಿ ಡೈನಮೋವನ್ನೇ ಇಳಿಸಿ ಅಯಸ್ಕಾಂತದ ರೋಟರ್, ಸ್ಟೇಟರ್, ಎಲೆಕ್ಟ್ರಾನಿಕ್ ಇಗ್ನಿಷನ್ ಒಟ್ಟಿಗಿರುವ ಕಿಟ್ ಹಾಕುವುದು. ಚೆಕ್ ದೇಶದ ವೇಪ್ ಕಂಪನಿ ಜಾವಾಗಳಿಗೆಂದೇ ಇಂಥದ್ದು ಮಾಡುತ್ತದೆ. ಮೂಲಪಠ್ಯದ ತವರು ಚೆಕ್, ಪಾಠಾಂತರವೂ ಚೆಕ್, ಆದ್ದರಿಂದ ಸಂಪ್ರದಾಯಸ್ಥರು ಇದನ್ನು ಮತಾಂತರ ಎನ್ನುವಂತಿಲ್ಲ.

ಬಾಗಲಕೋಟೆ ಪಂಥ ನಗರದ್ದು. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟವರು ಸೆಕ್ಟರುಗಳಲ್ಲಿ ನೆಲೆಸಿದ ನವನಗರದಲ್ಲಿ ಓಡಾಟವೆಲ್ಲ ಮೊಟಕು: ಹಾಲಿಗೆ, ಬ್ಯಾಂಕಿಗೆ, ಮಗನನ್ನು ಕಾಲೇಜಿಗೆ ಬಿಡಲಿಕ್ಕೆ. ಅಷ್ಟರಲ್ಲಿ ಬ್ಯಾಟರಿ ಕೊಟ್ಟ ಸಾಲವೂ ತೀರುವುದಿಲ್ಲ. ಜೊತೆಗೆ ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲು. ಷಂಟ್ ಮಾದರಿಯ ರೆಗ್ಯುಲೇಟರ್ ಹೆಚ್ಚಾದ ಕರೆಂಟನ್ನು ಶಾಖವಾಗಿ ಸುಡುತ್ತದೆ. ಅದಕ್ಕೆ ಅಲ್ಯೂಮಿನಿಯಂ ರೆಕ್ಕೆಗಳಿರುವುದೇ ಗಾಳಿಗಾಗಿ. ಅಂದ ಕೆಡುತ್ತದೆಂದು ಸೀಟಿನಡಿ ಬಚ್ಚಿಟ್ಟರೆ ಅದು ತಾನೇ ಬೇಯುತ್ತದೆ. ಇಲ್ಲಿನ ಗ್ಯಾರೇಜೊಂದರಲ್ಲಿ ನಡೆದ ವಾಕ್ಯಾರ್ಥದ ತುಣುಕು:

“ಕಾಕಾ, ಲೈಟ್ ಹಾಕಿದ್ರ ಹಾರ್ನ್ ಸಾಯ್ತೈತ್ರಿ, ಹಾರ್ನ್ ಒತ್ತಿದ್ರ ಲೈಟ್ ಸಾಯ್ತೈತ್ರಿ. ದೊಡ್ಡ ಮ್ಯಾಗ್ನೆಟ್ ಹಾಕೋಣೇನ್ರಿ?”

“ಮೊದ್ಲ ಆ ನೀಲಿ ಪಟ್ಟಿ ಕೀಳೋ ತಮ್ಮಾ. ಆಮ್ಯಾಲ ಅರ್ತ್ ವೈರ್ ಬಿಚ್ಚಿ ತಿಕ್ಕು. ಆಮ್ಯಾಲ ನೋಡೋಣಂತ.”

ಈ ಕಾಕಾನ ಮತವೇ ಪ್ರಬಂಧದ ಮತ. ವರಮಾನ ಹೆಚ್ಚಿಸುವ ಮುನ್ನ ಸೋರಿಕೆ ಮುಚ್ಚಬೇಕು, ದುಂದು ನಿಲ್ಲಿಸಬೇಕು. ಬಣ್ಣ ಬಳಿದ ಚಾಸಿಯ ಮೇಲೆ ಬೋಲ್ಟ್ ಮಾಡಿದ ಅರ್ತ್ ವೈರು ಬಣ್ಣಕ್ಕಷ್ಟೇ ಅರ್ತ್ ಆಗಿರುತ್ತದೆ. ರೆಗ್ಯುಲೇಟರ್ ಸರಿಯಿರುವ 12 ವೋಲ್ಟಿನ ಗಾಡಿಗೆ 12 ವ್ಯಾಟಿನ ಆಸುಪಾಸಿನ ಒಳ್ಳೆಯ ಎಲ್‌ಇಡಿ ಹಾಕಿದರೆ ಹೆಡ್‌ಲೈಟಿನ ಖರ್ಚು ಮೂರನೇ ಒಂದಕ್ಕೆ ಇಳಿಯುತ್ತದೆ. ರೆಗ್ಯುಲೇಟರಿಲ್ಲದ ನೇರ ಎಸಿ ಲೈನಿಗೆ ಅದನ್ನೇ ಹಾಕಿದರೆ ಮೊದಲ ರೇಸಿಗೇ ಹೋಗುತ್ತದೆ. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳ ಹೆಡ್‌ಲೈಟ್ ಹಗಲೂ ಉರಿಯಬೇಕೆಂಬ ನಿಯಮ ಬಂದದ್ದನ್ನು ನೋಡಿ ಹಳೆ ಯೆಜ್ದಿಯವರೂ ಹಗಲು ದೀಪ ಉರಿಸುವುದುಂಟು. ನಿಯಮ ಅವರಿಗೆ ಅನ್ವಯಿಸುವುದಿಲ್ಲ, ಅವರ ಡೈನಮೋಗಂತೂ ಒಗ್ಗುವುದಿಲ್ಲ.

ಓದುಗರಲ್ಲಿ ಎರಡು ವಿನಂತಿ. ಗ್ಯಾರೇಜಿಗೆ ಹೋಗುವ ಮುನ್ನ ಸಾಧಾರಣ ಮಲ್ಟಿಮೀಟರಿನಿಂದ ಬ್ಯಾಟರಿಯ ಎರಡು ತುದಿಗಳಲ್ಲಿ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. 12 ವೋಲ್ಟಿನ ಗಾಡಿಯಾದರೆ ಎಂಜಿನ್ ಬಂದ್ ಇದ್ದಾಗ ಸುಮಾರು 12.6, ಅರ್ಧ ರೇಸಿನಲ್ಲಿ 13.8ರಿಂದ 14.4 ಬರಬೇಕು, ಲೈಟ್ ಹಾಕಿದ ಮೇಲೂ 13ರ ಕೆಳಗೆ ಇಳಿಯಬಾರದು. ಇನ್ನು ಹೊಸ ಕಿಟ್ ಹಾಕಿಸಿದವರು ಇಳಿಸಿದ ಡೈನಮೋವನ್ನು ತಾಮ್ರದ ತೂಕಕ್ಕೆ ಗುಜರಿಗೆ ಕೊಡಬೇಡಿ. ಎಣ್ಣೆ ಒರೆಸಿ, ಗಾಡಿಯ ನಂಬರ್ ಬರೆದ ಚೀಟಿ ಕಟ್ಟಿ, ಅಟ್ಟದ ಮೇಲಿಡಿ. ಅದನ್ನು ಮಾಡಿದ ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು.